ಹಗುರ ಮಾಡಿ ಓದಿದ ವರದಿ

ನನಗೆ ಈಗ ಜಠರವಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಉಚಿತವೆಂದು ತೋರುತ್ತದೆ. ಇದನ್ನು ಓದುವವರಲ್ಲಿ ಕೆಲವರಾದರೂ ಈ ಹೊತ್ತು ಯಾವುದೋ ಆಸ್ಪತ್ರೆಯ ಬೆಂಚಿನ ಮೇಲೆ ಸರದಿಗಾಗಿ ಕುಳಿತಿರಬಹುದು. ಅವರಿಗೆ ಮೊದಲು ತಿಳಿಯಬೇಕಾದದ್ದು ಇಷ್ಟೇ: ಜಠರವನ್ನು ಪೂರ್ತಿಯಾಗಿ ತೆಗೆದ ಮೇಲೂ ಮನುಷ್ಯ ಬದುಕುತ್ತಾನೆ. ಶಾಲೆಗೆ ಹೋಗುತ್ತಾನೆ, ಹಾಜರಿ ಕರೆಯುತ್ತಾನೆ. ದಿನಕ್ಕೆ ಆರು ಸಲ, ಒಂದೊಂದು ಸಲಕ್ಕೆ ಸಣ್ಣ ಬಟ್ಟಲಿನಷ್ಟು ಉಣ್ಣುತ್ತಾನೆ. ತಿಂಗಳಿಗೊಮ್ಮೆ ಬಿ-12 ಜೀವಸತ್ವದ ಸೂಜಿ ಹಾಕಿಸಿಕೊಳ್ಳುತ್ತಾನೆ. ದಣಿವು ಮಾತ್ರ ಹೋಗುವುದಿಲ್ಲ. ಅದು ಮನೆಗೆ ಬಂದ ನೆಂಟನಂತೆ ಕೆಲವು ದಿನ ಮಾತನಾಡುತ್ತದೆ, ಕೆಲವು ದಿನ ಮೂಲೆಯಲ್ಲಿ ಸುಮ್ಮನೆ ಕುಳಿತಿರುತ್ತದೆ. ಹೊರಡುವ ಮಾತನ್ನು ಮಾತ್ರ ಎತ್ತುವುದಿಲ್ಲ.

ನಾನು ಬನಹಟ್ಟಿಯವನು. ನಮ್ಮ ಓಣಿಯಲ್ಲಿ ಮಗ್ಗದ ಸಪ್ಪಳ ನಿಂತರೆ ಜನ ಬಾಗಿಲಿಗೆ ಬಂದು ಕರೆಂಟು ಹೋಯಿತೇ ಎಂದು ಕೇಳುತ್ತಾರೆ. ಅಪ್ಪ ಒಬ್ಬ ಸೀರೆ ವ್ಯಾಪಾರಿಯ ಅಂಗಡಿಯಲ್ಲಿ, ನೇಕಾರರು ತಂದ ಸೀರೆಗಳನ್ನು ಉದ್ದನೆಯ ಮೇಜಿನ ಮೇಲೆ ಹರವಿ ತಪ್ಪು ನೋಡುವ ಕೆಲಸವನ್ನು ಆಯುಷ್ಯವಿಡೀ ಮಾಡಿದವರು. ಅವರಿಗೆ ಓದಲು ಬರೆಯಲು ಬಾರದು. ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲಿಗ ನಾನು. ವಿಜ್ಞಾನದಲ್ಲಿ ಪದವಿ, ಅನಂತರ ಶಿಕ್ಷಣದಲ್ಲಿ ಪದವಿ, ಆಮೇಲೆ ಊರಿನ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನದ ಶಿಕ್ಷಕ.

ಹೀಗಾಗಿ ಓಣಿಗೆ ಇಂಗ್ಲಿಷಿನ ಯಾವ ಕಾಗದ ಬಂದರೂ ಅದು ನಮ್ಮ ಕಟ್ಟೆಗೆ ಬರುತ್ತಿತ್ತು. ಬ್ಯಾಂಕಿನ ನೋಟೀಸು, ವಿಮೆಯ ಪತ್ರ, ಎಲ್ಲಕ್ಕಿಂತ ಹೆಚ್ಚಾಗಿ ಆಸ್ಪತ್ರೆಯ ವರದಿ. ಮುದುಕರ ವರದಿಯಾಗಿದ್ದರೆ ಮಗನೋ ಅಳಿಯನೋ ಮೊದಲು ಒಬ್ಬನೇ ಬಂದು, ಇನ್ನೂ ಚಪ್ಪಲಿ ಬಿಡುವ ಮೊದಲೇ, ಒಂದು ಮಾತು ಹೇಳುತ್ತಿದ್ದ: “ಮಾಸ್ತರ, ಅವ್ವನ ಮುಂದ ಸ್ವಲ್ಪ ಹಗರ ಮಾಡಿ ಓದ್ರಿ.” ನಾನು ಹಗುರ ಮಾಡಿ ಓದುತ್ತಿದ್ದೆ. ಮೂತ್ರಪಿಂಡದ ವೈಫಲ್ಯವು ನನ್ನ ಬಾಯಲ್ಲಿ ಉರಿಮೂತ್ರದ ತೊಂದರೆಯಾಗುತ್ತಿತ್ತು. ಹೃದಯದ ಕವಾಟದ ದೋಷವು ಸ್ವಲ್ಪ ನಿಶ್ಶಕ್ತಿಯಾಗುತ್ತಿತ್ತು. ಮುದುಕಿ ಸೆರಗಿನಿಂದ ಮುಖ ಒರೆಸಿಕೊಂಡು, ಇಷ್ಟೇನಾ ಎಂದು ಎದ್ದು ಹೋಗುತ್ತಿದ್ದಳು. ನಾನು ಸುಳ್ಳು ಹೇಳುತ್ತಿದ್ದೇನೆಂದು ನನಗೆ ಎಂದೂ ಅನ್ನಿಸಲಿಲ್ಲ. ಓದಿದವನು ಓಣಿಗೆ ಮಾಡಬಹುದಾದ ಉಪಕಾರ ಅದೆಂದು ನಾನೂ ನಂಬಿದ್ದೆ, ಓಣಿಯೂ ನಂಬಿತ್ತು.

ನನ್ನ ಕಾಯಿಲೆಯನ್ನು ಮೊದಲು ಗಮನಿಸಿದವಳು ನನ್ನ ಹೆಂಡತಿ ಗಿರಿಜಾ. ಅವಳ ತವರು ಬೀಳಗಿ. ಅಲ್ಲಿ ಏಳನೆಯ ತರಗತಿಯವರೆಗೆ ಓದಿದ್ದಾಳೆ. ಎರಡು ರೊಟ್ಟಿ ಉಣ್ಣುತ್ತಿದ್ದ ನಾನು ಒಂದಕ್ಕೆ, ಆಮೇಲೆ ಅರ್ಧಕ್ಕೆ ಇಳಿದಿದ್ದೆ. ಅರ್ಧಕ್ಕೇ ಎದೆಯವರೆಗೆ ತುಂಬಿದಂತಾಗುತ್ತಿತ್ತು. ಪರೀಕ್ಷೆಯ ಕಾಲದ ಒತ್ತಡವೆಂದು ನಾನೂ, ಪಿತ್ತವೆಂದು ಅಪ್ಪನೂ ಹೇಳಿದೆವು. ಅವಳು ಎರಡನ್ನೂ ಒಪ್ಪದೆ ಜಮಖಂಡಿಯ ವೈದ್ಯರಲ್ಲಿಗೆ ಕರೆದುಕೊಂಡು ಹೋದಳು. ಅವರು ಗಂಟಲಿನಿಂದ ನಳಿಕೆ ಇಳಿಸಿ ನೋಡಿದರು, ಒಂದು ಸಣ್ಣ ಚೂರನ್ನು ತೆಗೆದು ಪರೀಕ್ಷೆಗೆ ಕಳುಹಿಸಿದರು, ಮುಂದಿನದನ್ನು ಹುಬ್ಬಳ್ಳಿಯಲ್ಲಿ ನೋಡಿಸಿರಿ ಎಂದರು. ಅವರ ಮುಖವನ್ನು ನೋಡಿದಾಗಲೇ ನನಗೆ ಅರ್ಧ ತಿಳಿದಿತ್ತು. ಉಳಿದ ಅರ್ಧವನ್ನು ಸ್ಕ್ಯಾನ್ ಮಾಡಿಸಿದ ಮೇಲೆ ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಯ ವೈದ್ಯರು ಹೇಳಿದರು.

ಆ ಹೊತ್ತಿಗೆ ಗಿರಿಜಾ ಔಷಧಿಯ ಸಾಲಿನಲ್ಲಿ ನಿಂತಿದ್ದಳು. ಒಳಗೆ ನಾನೊಬ್ಬನೇ ಇದ್ದೆ. ಜಠರದ ಕ್ಯಾನ್ಸರ್, ಪಕ್ಕದ ಗ್ರಂಥಿಗಳಿಗೂ ಹರಡಿರುವಂತೆ ಕಾಣುತ್ತಿದೆ, ಈ ವಾರವೇ ಔಷಧಿಯನ್ನು ರಕ್ತಕ್ಕೆ ಬಿಡಲು ಆರಂಭಿಸಬೇಕು, ಎರಡು ತಿಂಗಳ ನಂತರ ಶಸ್ತ್ರಚಿಕಿತ್ಸೆ ಮಾಡಿ ಜಠರವನ್ನೇ ತೆಗೆಯಬೇಕು ಎಂದು ಅವರು ಇಂಗ್ಲಿಷಿನಲ್ಲಿ, ಅವಸರವಿಲ್ಲದೆ ಹೇಳಿದರು. ನಾನು ಶಿಕ್ಷಕನೆಂದು ತಿಳಿದಾಗ ಅವರ ಮುಖ ತುಸು ಹಗುರವಾಯಿತು. ಓದಿದವರಿದ್ದೀರಿ, ಮನೆಯವರಿಗೆ ನೀವೇ ತಿಳಿಯುವಂತೆ ಹೇಳಬಲ್ಲಿರಿ ಎಂದರು. ನನ್ನ ಜೀವಮಾನದಲ್ಲಿ ಯಾವ ಹೊಗಳಿಕೆಯೂ ನನಗೆ ಅಷ್ಟು ಕೇಡು ಮಾಡಿಲ್ಲ.

ಹೊರಗೆ ಬಂದು ಬೆಂಚಿನ ಮೇಲೆ ಕುಳಿತೆ. ಗಿರಿಜಾ ಔಷಧಿಯ ಚೀಲ ಹಿಡಿದು ಬಂದಳು.

“ಏನಂದ್ರು ಡಾಕ್ಟರು? ಓದ್ರಿ ನೋಡೂಣು.”

ನಾನು ವರದಿಯನ್ನು ಬಿಡಿಸಿದೆ. ಏನು ಹೇಳಬೇಕೆಂದು ಮೊದಲೇ ಯೋಚಿಸಿರಲಿಲ್ಲ. ಇದನ್ನು ಯಾರಾದರೂ ನಂಬಬೇಕೆಂಬ ಆಸೆ ನನಗೆ ಇಂದಿಗೂ ಇದೆ. ಕಣ್ಣು ಇಂಗ್ಲಿಷಿನ ಸಾಲುಗಳ ಮೇಲಿತ್ತು. ಬಾಯಿ ತನ್ನ ರೂಢಿಯ ಕೆಲಸವನ್ನು ಮಾಡಿತು.

“ಹೊಟ್ಟ್ಯಾಗ ಹುಣ್ಣ ಐತಿ. ಹಂಗ ಬಿಟ್ರ ಮುಂದ ಕ್ಯಾನ್ಸರ್ ಆಗಬಹುದು ಅಂತ ಬರದಾರ. ಈಗೇನಿಲ್ಲ. ಗುಳಿಗಿ ಕೊಟ್ಟಾರ. ಯುಗಾದಿ ಆದ ಮ್ಯಾಲೆ ಒಮ್ಮೆ ಬಂದು ತೋರಸ್ರಿ ಅಂದಾರ.”

ಗಿರಿಜಾ ದೊಡ್ಡದೊಂದು ಉಸಿರು ಬಿಟ್ಟು ಚೀಲವನ್ನು ಕಾಲ ಬಳಿ ಇಟ್ಟಳು. ಖಾರ ಕಡಿಮೆ ಮಾಡಬೇಕು ಎಂದಳು. ಅಷ್ಟೇ. ನನ್ನ ಓದಿನ ಮೇಲೆ ಅನುಮಾನಪಡುವುದು ನಮ್ಮ ಓಣಿಯಲ್ಲಿ ಯಾರಿಗೂ ಗೊತ್ತಿರದ ಸಂಗತಿ. ಅವಳಿಗಾದರೂ ಹೇಗೆ ಗೊತ್ತಿರಬೇಕು?

ಏಕೆ ಹಾಗೆ ಮಾಡಿದೆ ಎಂದು ಆಮೇಲೆ ಬಹಳ ಜನ ಕೇಳಿದ್ದಾರೆ. ಹತ್ತನೆಯ ತರಗತಿಯ ಪಾಠಗಳು ಉಳಿದಿದ್ದವು ಎಂದು ಕೆಲವರಿಗೆ ಹೇಳಿದ್ದೇನೆ. ಅಪ್ಪನ ವಯಸ್ಸಿನ ಮಾತನ್ನೂ ಎತ್ತಿದ್ದೇನೆ. ನಿಜ ಇಷ್ಟೇ: ಜಠರವನ್ನು ತೆಗೆಯುತ್ತಾರೆಂಬ ಮಾತಿಗೆ ನಾನು ಅಂಜಿದ್ದೆ. ಬಾಯಿಬಿಟ್ಟು ಹೇಳದಿದ್ದರೆ ಅದು ನಡೆಯುವುದಿಲ್ಲ ಎಂಬಂತೆ ನನಗೆ ತೋರಿತ್ತು. ಮಕ್ಕಳಿಗೆ ಜಠರದ ಚಿತ್ರವನ್ನು ಕರಿಹಲಗೆಯ ಮೇಲೆ ಬರೆಸುವ ಮನುಷ್ಯ ಹೀಗೆ ಯೋಚಿಸಬಾರದು. ಆದರೆ ಯೋಚಿಸಿದೆ.

ಏಳು ವಾರ ಕಳೆದವು. ಸಕ್ಕರೆ ಕಾರ್ಖಾನೆಗಳ ಹಂಗಾಮು ಮುಗಿದು, ಮುಧೋಳದ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ವಿರಳವಾದವು. ಯುಗಾದಿಯ ಬೇವು ಬೆಲ್ಲವನ್ನು ನುಂಗಿದವನಿಗೆ ಅದು ಒಳಗೆ ನಿಲ್ಲಲಿಲ್ಲ. ಮರುದಿನ ನೀರೂ ನಿಲ್ಲಲಿಲ್ಲ. ಗಿರಿಜಾ ನಮ್ಮ ಒಬ್ಬಳೇ ಮಗಳನ್ನು ತನ್ನ ತವರಿಗೆ ಕಳುಹಿಸಿ, ನನ್ನನ್ನು ಹುಬ್ಬಳ್ಳಿಯ ಬಸ್ಸಿಗೆ ಹತ್ತಿಸಿದಳು.

ವೈದ್ಯರು ಮೊದಲು ಹಳೆಯ ವರದಿಯ ದಿನಾಂಕವನ್ನು ನೋಡಿದರು. ಆಮೇಲೆ, ಎಲ್ಲಿ ಹೋಗಿದ್ದಿರಿ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ದಿನವಿಡೀ ಇದೇ ಪ್ರಶ್ನೆಯನ್ನು ಕೇಳುವವರ ಆಯಾಸವಿತ್ತು. ನಾನು ಇಂಗ್ಲಿಷಿನಲ್ಲಿಯೇ ಏನೋ ಉತ್ತರ ಕೊಟ್ಟೆ. ಪಕ್ಕದಲ್ಲಿ ಕುಳಿತಿದ್ದ ಗಿರಿಜಾ ಇಬ್ಬರ ಬಾಯನ್ನೂ ನೋಡುತ್ತಿದ್ದಳು. ಮತ್ತೊಮ್ಮೆ ಸ್ಕ್ಯಾನ್ ಆಗಬೇಕೆಂದರು. ಹೊರಗೆ ಬಂದಾಗ ಅವಳಿಗೆ, ಹುಣ್ಣು ತುಸು ದೊಡ್ಡದಾಗಿದೆಯಂತೆ ಎಂದೆ. ಆಗಲೂ ಅದನ್ನೇ ಹೇಳಿದೆ.

ಸ್ಕ್ಯಾನಿನ ಸರದಿಗಾಗಿ ಕಾಯುತ್ತಿದ್ದಾಗ ಒಬ್ಬ ತರುಣಿ ಬಂದು ನನ್ನ ಹೆಸರು ಕೇಳಿದಳು. ಸಂಶೋಧನೆ ಮಾಡುವವಳು, ಹೆಸರು ಸವಿತಾ, ಮುಧೋಳದವಳು. ಜಠರದ ಕಾಯಿಲೆ ಇರುವವರಿಂದ ಒಂದು ಚೂರು ಮಾಂಸಭಾಗ ಮತ್ತು ತುಸು ರಕ್ತವನ್ನು ಅಧ್ಯಯನಕ್ಕಾಗಿ ಕೇಳುತ್ತಿದ್ದೇವೆ, ಕೊಡಲೇಬೇಕೆಂದಿಲ್ಲ, ಕೊಡದಿದ್ದರೂ ಚಿಕಿತ್ಸೆಗೆ ಏನೂ ಕಡಿಮೆಯಾಗುವುದಿಲ್ಲ ಎಂದಳು. ಅವಳ ಕೈಯಲ್ಲಿ ನಾಲ್ಕು ಪುಟಗಳ ಒಪ್ಪಿಗೆ ಪತ್ರವಿತ್ತು. ನಾನು ರೂಢಿಯಂತೆ ಕೈ ಚಾಚಿದೆ. ಅವಳು ಒಂದು ಪ್ರತಿಯನ್ನು ನನಗೆ ಕೊಟ್ಟು, ಇನ್ನೊಂದನ್ನು ಗಿರಿಜಾಳ ಕೈಗೆ ಕೊಟ್ಟಳು.

ನಾನು ಓದಿ ಹೇಳುತ್ತೇನೆ ಎಂದೆ.

“ಇಲ್ರಿ ಸರ್, ಸಾಕ್ಷಿ ಸಹಿ ಮಾಡೋರು ತಾವ ಓದಬೇಕು. ಅಕ್ಕಾರ, ಕನ್ನಡದಾಗ ಐತ್ರಿ. ಸಾವಕಾಶ ಓದ್ರಿ.”

ಆಗ ಪತ್ರವನ್ನು ನೋಡಿದೆ. ಅದು ಕನ್ನಡದಲ್ಲಿತ್ತು. ಜಮಖಂಡಿಯಿಂದ ಹುಬ್ಬಳ್ಳಿಯವರೆಗೆ ನನ್ನ ಕಾಯಿಲೆಯ ಬಗ್ಗೆ ಬರೆದ ಕಾಗದಗಳಲ್ಲಿ ಕನ್ನಡದಲ್ಲಿದ್ದ ಮೊದಲ ಕಾಗದ ಅದು.

ಗಿರಿಜಾ ಬೆರಳಿಟ್ಟು, ತುಟಿ ಅಲುಗಿಸುತ್ತ, ಸಣ್ಣ ದನಿಯಲ್ಲಿ ಓದುತ್ತಾಳೆ. ಬಸ್ಸಿನ ಫಲಕವನ್ನು ಓದುವುದೂ ಹಾಗೆಯೇ, ದಿನಪತ್ರಿಕೆಯನ್ನು ಓದುವುದೂ ಹಾಗೆಯೇ. ಅವಳ ಬೆರಳು ಮೊದಲ ಪುಟದ ಶೀರ್ಷಿಕೆಯನ್ನು ಬಹಳ ಕಷ್ಟದಿಂದ ದಾಟಿತು: ‘ಜಠರದ ಕ್ಯಾನ್ಸರಿನ ಬೆಳವಣಿಗೆ ಮತ್ತು ಹರಡುವಿಕೆಯಲ್ಲಿ ಡಿಯುಬಿಕ್ವಿಟಿನೇಟಿಂಗ್ ಕಿಣ್ವಗಳ ಪಾತ್ರ’. ನಡುವಿನ ಆ ಪದದಲ್ಲಿ ಅವಳು ಮೂರು ಸಲ ಎಡವಿದಳು. ಅವಳು ಅಲ್ಲಿಯೇ ನಿಂತುಬಿಡಲಿ ಎಂದು ನಾನು ಬೇಡಿಕೊಂಡೆ. ಅವಳು ನಿಲ್ಲಲಿಲ್ಲ. ಎರಡನೆಯ ಪರಿಚ್ಛೇದದಲ್ಲಿ ಕಷ್ಟದ ಪದ ಒಂದೂ ಇರಲಿಲ್ಲ.

“ನಿಮಗೆ... ಜಠರದ ಕ್ಯಾನ್ಸರ್ ಇದ್ದು... ಅದು ಪಕ್ಕದ ಗ್ರಂಥಿಗಳಿಗೆ... ಹರಡಿರುವುದರಿಂದ... ನಿಮ್ಮನ್ನು ಈ ಅಧ್ಯಯನದಲ್ಲಿ... ಪಾಲ್ಗೊಳ್ಳಲು ಕೇಳಲಾಗುತ್ತಿದೆ.”

ಅವಳ ಬೆರಳು ಮತ್ತೆ ಸಾಲಿನ ಆರಂಭಕ್ಕೆ ಹೋಯಿತು. ಮತ್ತೊಮ್ಮೆ ಓದಿದಳು, ಈ ಸಲ ದನಿ ಇರಲಿಲ್ಲ. ಆಮೇಲೆ ತಲೆಯೆತ್ತಿ ಸವಿತಾಳನ್ನು ಕೇಳಿದಳು, ನನ್ನನ್ನಲ್ಲ.

“ಎಲ್ಲಾರ ಕಾಗದದಾಗೂ ಹಿಂಗ ಬರದಿರತೈತೇನವಾ?”

“ಹೌದ್ರಿ ಅಕ್ಕಾರ. ಹರಡಿದವರನ್ನಷ್ಟ ಕೇಳಾಕತ್ತೇವಿ. ಸರ್ ಅವರದು ಮೊದಲನೇ ವರದಿಯಾಗ ಐತಲ್ರಿ, ಏಳು ವಾರದ ಹಿಂದಿಂದು...” ಎನ್ನುತ್ತ ಅವಳು ನಮ್ಮಿಬ್ಬರ ಮುಖಗಳನ್ನು ನೋಡಿದಳು, ಮಾತು ಅಲ್ಲಿಗೇ ನಿಂತಿತು. ಮತ್ತೆ ಬರುತ್ತೇನೆಂದು ಎದ್ದು ಹೋದಳು.

ಗಿರಿಜಾ ಅಳಲಿಲ್ಲ. ಅಳುತ್ತಾಳೆ, ಜನ ನೋಡುತ್ತಾರೆ, ಏನಾದರೂ ಸಮಾಧಾನ ಹೇಳಬೇಕು ಎಂದು ನಾನು ಶಬ್ದಗಳನ್ನು ಜೋಡಿಸುತ್ತಿದ್ದೆ. ಅವಳು ಒಪ್ಪಿಗೆ ಪತ್ರವನ್ನು ಬೆಂಚಿನ ಮೇಲೆ ಇಟ್ಟಳು.

“ಏಳು ವಾರ ನಾ ಖಾರ ಕಡಿಮಿ ಹಾಕಿ ಅಡಗಿ ಮಾಡೇನಿ,” ಎಂದಳು. “ಅಷ್ಟಕ್ಕ ಆರಾಮ ಆಗತೈತಿ ಅಂತ.”

ಅವಳು ನನ್ನ ತೊಡೆಯ ಮೇಲಿದ್ದ ವರದಿಗಳ ಕಡತವನ್ನು ಎತ್ತಿ ತನ್ನ ಚೀಲಕ್ಕೆ ಹಾಕಿಕೊಂಡಳು. ಮುಂದೆ ಬಹಳ ಕಾಲ ಅದು ನನ್ನ ಕೈಗೆ ಬರಲಿಲ್ಲ.

ಸ್ಕ್ಯಾನಿನ ಫಲಿತಾಂಶ ಬಂದಾಗ ವೈದ್ಯರ ಎದುರಿನ ಕುರ್ಚಿಯಲ್ಲಿ ಅವಳೇ ಕುಳಿತಳು. ವೈದ್ಯರು ನನ್ನ ಕಡೆಗೆ ತಿರುಗಿ ಇಂಗ್ಲಿಷಿನಲ್ಲಿ ಆರಂಭಿಸಿದರು. ಅವಳು ಕೈ ಅಡ್ಡ ಹಿಡಿದಳು.

“ಸಾಹೇಬ್ರ, ಕನ್ನಡದಾಗ ನನಗ ಹೇಳ್ರಿ. ಹಗರ ಮಾಡಬ್ಯಾಡ್ರಿ. ಇದ್ದದ್ದ ಇದ್ದಂಗ ಹೇಳ್ರಿ.”

ಅವರು ಹೇಳಿದರು. ಗ್ರಂಥಿಗಳು ಮೊದಲಿಗಿಂತ ದೊಡ್ಡವಾಗಿವೆ. ಯಕೃತ್ತಿನಲ್ಲಿ ಏನೂ ಕಾಣುತ್ತಿಲ್ಲ. ಇನ್ನೂ ಪ್ರಯತ್ನಿಸಬಹುದು. ಏಳು ವಾರ ಮೊದಲೇ ಬಂದಿದ್ದರೆ ಎಂದು ಅವಳು ಕೇಳಿದಳು. ಅದನ್ನು ಯಾರೂ ಅಳೆದು ಹೇಳಲಾರರು ಎಂದರು ವೈದ್ಯರು. ಅದು ಸತ್ಯವೋ ದಯೆಯೋ ನನಗೆ ತಿಳಿಯಲಿಲ್ಲ. ಹಗುರ ಮಾಡಿ ಓದುವುದನ್ನು ಬಲ್ಲವನಿಗೆ ಇನ್ನೊಬ್ಬರ ಮಾತಿನ ತೂಕವೂ ತಿಳಿಯದೆ ಹೋಗುತ್ತದೆ.

ಔಷಧಿ ಆರಂಭವಾಯಿತು. ಎರಡು ವಾರಕ್ಕೊಮ್ಮೆ ಬನಹಟ್ಟಿಯಿಂದ ಮುಧೋಳ, ಮುಧೋಳದಲ್ಲಿ ಬಸ್ಸು ಬದಲಿಸಿ ಹುಬ್ಬಳ್ಳಿ. ಆ ಪ್ರಯಾಣಗಳಲ್ಲಿ ಒಂದನ್ನು ಇನ್ನೊಂದರಿಂದ ಬೇರ್ಪಡಿಸಿ ನೆನೆಯಲು ನನಗೆ ಸಾಧ್ಯವಿಲ್ಲ. ಬೆರಳ ತುದಿಗಳಿಗೆ ತಣ್ಣೀರು ತಾಗಿದರೆ ಸೂಜಿ ಚುಚ್ಚಿದಂತಾಗುತ್ತಿತ್ತು. ಸ್ಟೀಲಿನ ಲೋಟವನ್ನು ಹಿಡಿಯಲು ಟವೆಲ್ಲು ಬೇಕಾಗುತ್ತಿತ್ತು. ಕೂದಲು ಉದುರಿದ್ದಕ್ಕೆ ಹೆಚ್ಚು ಬೇಸರವಾಗಲಿಲ್ಲ. ಅನ್ನದ ವಾಸನೆಗೆ ಹೊಟ್ಟೆ ತೊಳಸುತ್ತಿದ್ದುದಕ್ಕೆ ಆಯಿತು, ಏಕೆಂದರೆ ಗಿರಿಜಾ ಕುಕ್ಕರನ್ನು ಹಿತ್ತಲಿನಲ್ಲಿ ಇಟ್ಟು, ಅಲ್ಲಿಯೇ ಒಬ್ಬಳೇ ಕುಳಿತು ಉಣ್ಣತೊಡಗಿದ್ದಳು. ಸಣ್ಣ ದಯೆಗಳೂ ಇದ್ದವು. ಮುಧೋಳದ ಬಸ್ ನಿಲ್ದಾಣದಲ್ಲಿ ಚಹಾದವನೊಬ್ಬ ನನ್ನ ಕೈಯ ಟವೆಲ್ಲನ್ನು ಕಂಡವನು, ಮುಂದಿನ ಸಲದಿಂದ ಕೇಳುವ ಮೊದಲೇ ಕುಡಿಯುವ ನೀರನ್ನು ಬೆಚ್ಚಗೆ ಮಾಡಿಕೊಡುತ್ತಿದ್ದ. ಏನು ಕಾಯಿಲೆ ಎಂದು ಒಮ್ಮೆಯೂ ಕೇಳಲಿಲ್ಲ.

ಅಪ್ಪನಿಗೆ ವಿಷಯ ತಿಳಿಸಿದವಳು ಗಿರಿಜಾ. ಹೇಗೆ ಹೇಳಿದಳೋ ಗೊತ್ತಿಲ್ಲ. ಮೂರನೆಯ ಸಲದ ಔಷಧಿಗೆ ಅವರು ನಾನೂ ಬರುತ್ತೇನೆಂದು ದೋತರ ಉಟ್ಟು, ಟೋಪಿ ಹಾಕಿಕೊಂಡು ಸಿದ್ಧರಾದರು. ಔಷಧಿ ಹನಿಹನಿಯಾಗಿ ಇಳಿಯುವಷ್ಟು ಹೊತ್ತು ನನ್ನ ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಕುಳಿತು, ಬಾಟಲಿಯನ್ನು ತಮ್ಮ ಹಳೆಯ ಕಸುಬಿನ ಕಣ್ಣಿನಿಂದ ನೋಡುತ್ತಿದ್ದರು.

ಅಧ್ಯಯನಕ್ಕೆ ನಾನು ಒಪ್ಪಿದ್ದೆ, ಗಿರಿಜಾ ಸಾಕ್ಷಿ ಸಹಿ ಹಾಕಿದ್ದಳು; ಸವಿತಾ ಅಂದು ರಕ್ತ ತೆಗೆದುಕೊಳ್ಳಲು ಬಂದಳು. ಮೊದಲ ದಿನದ ಪ್ರಸಂಗಕ್ಕಾಗಿ ಅವಳಿಗೆ ಇನ್ನೂ ಸಂಕೋಚವಿತ್ತು. ನನಗೂ ಇತ್ತು, ಆದರೆ ಬೇರೆ ಕಾರಣಕ್ಕೂ ಇತ್ತು. ಹದಿನಾಲ್ಕು ವರ್ಷ ಮಕ್ಕಳಿಗೆ ಕಿಣ್ವಗಳ ಪಾಠ ಹೇಳಿದ್ದೇನೆ. ಜೊಲ್ಲಿನದು ಇದು, ಜಠರದ್ದು ಇದು ಎಂದು ಬರೆಸಿದ್ದೇನೆ. ಆ ಪತ್ರದಲ್ಲಿದ್ದ ಕಿಣ್ವಗಳ ಹೆಸರನ್ನೇ ನಾನು ಕೇಳಿರಲಿಲ್ಲ. ಗೊತ್ತಿಲ್ಲವೆಂದು ಕೇಳಲು ನಾಚಿಕೆಯಾಗಿ ಸುಮ್ಮನಿದ್ದೆ. ನಾಚದೆ ಕೇಳಿದವರು ಅಪ್ಪ. ನಮ್ಮ ಹುಡುಗನ ಚೂರನ್ನು ತೆಗೆದುಕೊಂಡು ಏನು ನೋಡುತ್ತೀ ತಂಗಿ ಎಂದರು.

ಅವಳು ಸ್ವಲ್ಪ ಯೋಚಿಸಿ ಹೇಳಿದಳು. ನಮ್ಮ ಮೈಯ ಪ್ರತಿಯೊಂದು ಕಣದಲ್ಲಿ ಕೆಲಸಕ್ಕೆಂದು ತಯಾರಾದ ವಸ್ತುಗಳು ಇರುತ್ತವೆ. ಹಳೆಯದಾದದ್ದಕ್ಕೆ, ಕೆಟ್ಟದ್ದಕ್ಕೆ, ಬೇಕಾದ್ದಕ್ಕಿಂತ ಹೆಚ್ಚಾದದ್ದಕ್ಕೆ ಕಣವು ಒಂದು ಗುರುತು ಹಚ್ಚುತ್ತದೆ. ಗುರುತು ಬಿದ್ದದ್ದನ್ನು ಒಡೆದು ಹಾಕಲು ಬೇರೆ ವ್ಯವಸ್ಥೆ ಇರುತ್ತದೆ. ತಾನು ನೋಡುತ್ತಿರುವುದು ಆ ಗುರುತನ್ನು ಅಳಿಸುವ ಕಿಣ್ವಗಳನ್ನು ಎಂದಳು.

ಅಪ್ಪ ಮುಂದಕ್ಕೆ ಬಾಗಿದರು.

“ಗುರ್ತ ಅಳಸತಾವು?”

“ಹೌದ್ರಿ ಕಾಕಾ. ಬೆಳೀರಿ ಬೆಳೀರಿ ಅಂತ ಹೇಳೂ ವಸ್ತುಗಳಿರತಾವಲ್ರಿ, ಅವು ಕೆಲಸ ಮುಗದ ಮ್ಯಾಲೆ ಹೋಗಬೇಕು. ಅವುಗಳ ಗುರ್ತ ಅಳಿಸಿಬಿಟ್ರ ಅವು ಹೋಗೂದ ಇಲ್ಲ. ಗಡ್ಡಿ ಬೆಳಕೋತ ಹೋಗತೈತಿ. ಕೆಲವು ಕಣ ಜಾಗಾ ಬಿಟ್ಟು ಎದ್ದು, ಬ್ಯಾರೆ ಕಡೆ ಹೋಗಿ ಕುಂದ್ರಾಕೂ ಇದ ದಾರಿ ಮಾಡಿಕೊಡತೈತಿ. ಅದ ಹರಡೂದು.”

ಅಪ್ಪ ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. ಆಮೇಲೆ ನಿಧಾನವಾಗಿ, ಸವಿತಾಳಿಗೆ ಹೇಳುತ್ತ, ನಾನು ಎಂದೂ ಕೇಳಿರದ ಒಂದು ಸಂಗತಿಯನ್ನು ಹೇಳಿದರು. ಅಂಗಡಿಯ ಮೇಜಿನ ಮೇಲೆ ಸೀರೆ ಹರವಿ, ಎಳೆ ತಪ್ಪಿದಲ್ಲಿ ನೀಲಿ ಸೀಮೆಸುಣ್ಣದಿಂದ ಗುರುತು ಮಾಡುವುದು ಅವರ ಕೆಲಸ. ಗುರುತು ಬಿದ್ದ ಸೀರೆ ಪೇಟೆಗೆ ಹೋಗುವ ಗಂಟಿಗೆ ಸೇರುವಂತಿರಲಿಲ್ಲ. ನೇಕಾರರು ಗೋಗರೆಯುತ್ತಿದ್ದರು. ಕೆಲವು ಸಲ, ಪಾಪ ಅನ್ನಿಸಿ, ಅಪ್ಪ ಒದ್ದೆ ಬಟ್ಟೆಯಿಂದ ಗುರುತನ್ನು ಒರೆಸಿಬಿಡುತ್ತಿದ್ದರಂತೆ.

“ಒರಿಸಿದ ಕೂಡಲೆ ಅದು ಛಲೋ ಸೀರಿ ಆಗಿಬಿಡತೈತಿ, ತಂಗಿ. ಮಾಲಕಗ ಗೊತ್ತಾಗೂದಿಲ್ಲ, ಪ್ಯಾಟಿ ಅಂಗಡಿಯಾಂವಗ ಗೊತ್ತಾಗೂದಿಲ್ಲ. ಉಟ್ಟಾಕಿಗೆ ಅಷ್ಟ ಗೊತ್ತಾಗತೈತಿ.”

ಅವರು ನನ್ನ ಕಡೆ ನೋಡಿಯೂ ಇರಲಿಲ್ಲ. ನನಗಾಗಿ ಹೇಳಿದ ಮಾತೂ ಅದಲ್ಲ. ಹಾಸಿಗೆಯ ಆ ಬದಿಗೆ ನಿಂತಿದ್ದ ಗಿರಿಜಾ ನನ್ನ ಹೊದಿಕೆಯನ್ನು ಸರಿಪಡಿಸಿದಳು. ಸರಿಯಾಗಿಯೇ ಇದ್ದ ಹೊದಿಕೆಯನ್ನು.

ಸವಿತಾ ನಗುತ್ತ, ಒರೆಸುವುದೆಲ್ಲ ತಪ್ಪಲ್ಲ ಕಾಕಾ ಎಂದಳು. ಒಳ್ಳೆಯದಕ್ಕೂ ತಪ್ಪಿ ಗುರುತು ಬಿದ್ದಿರುತ್ತದೆ, ಅದನ್ನು ಅಳಿಸಿ ಉಳಿಸುವುದೂ ಇಂಥ ಕಿಣ್ವಗಳ ಕೆಲಸವೇ. ಕೆಲವು ಕ್ಯಾನ್ಸರನ್ನು ತಡೆಯುತ್ತವೆ ಕೂಡ, ಯಾವುದು ಎಲ್ಲಿ ಏನು ಮಾಡುತ್ತಿದೆ ಎಂದು ತಿಳಿಯುವುದೇ ಕಷ್ಟ ಎಂದಳು. ಅಪ್ಪ ತಲೆಯಾಡಿಸಿದರು. ಎಣ್ಣೆಯ ಕಲೆಗೆ ತಾವೂ ಅವಸರದಲ್ಲಿ ಗುರುತು ಹಾಕಿದ್ದುಂಟು, ತೊಳೆದರೆ ಹೋಗುವ ಕಲೆ ಅದು ಎಂದರು. ಇಬ್ಬರೂ ಒಂದೇ ಕಸುಬಿನವರಂತೆ ಇನ್ನೂ ಸ್ವಲ್ಪ ಹೊತ್ತು ಮಾತಾಡಿದರು. ನನಗೆ ವಾಂತಿ ಬರುವಂತಾಗಿತ್ತು; ಅವರ ಮಾತು ನಿಲ್ಲಬಾರದೆಂದು ತಡೆದುಕೊಂಡೆ.

ಶಸ್ತ್ರಚಿಕಿತ್ಸೆಯ ಬಗ್ಗೆ ನಾನು ಬರೆಯಬಲ್ಲದ್ದು ಕಡಿಮೆ. ಎಣಿಸುತ್ತಿದ್ದಾಗ ಎಚ್ಚರ ತಪ್ಪಿತು; ಎಚ್ಚರವಾದಾಗ ಮೂಗಿನಲ್ಲಿ ನಳಿಕೆ ಇತ್ತು, ಬಾಯಿ ಒಣಗಿತ್ತು. ನೀರು ಕೊಡುವಂತಿರಲಿಲ್ಲ. ಗಿರಿಜಾ ಒದ್ದೆ ಹತ್ತಿಯಿಂದ ತುಟಿಗಳನ್ನು ಒರೆಸುತ್ತಿದ್ದಳು. ಪಕ್ಕದ ಹಾಸಿಗೆಯಲ್ಲಿ ಗಲಗಲಿಯ ಒಬ್ಬ ಹಿರಿಯರಿದ್ದರು, ಅವರಿಗೂ ಇದೇ ಶಸ್ತ್ರಚಿಕಿತ್ಸೆಯಾಗಿ ನಾಲ್ಕು ದಿನವಾಗಿತ್ತು. ಅವರು ಮಾತಾಡುತ್ತಿದ್ದುದು ಬೈಯಲು ಮಾತ್ರ. ಬೈಸಿಕೊಳ್ಳುತ್ತಿದ್ದವಳು ಅವರ ಹೆಂಡತಿ, ಹಣೆಯ ತುಂಬ ವಿಭೂತಿ ಹಚ್ಚಿದ ಗಟ್ಟಿ ಮುದುಕಿ. ಒಂದು ಸಲ ಬೈಸಿಕೊಂಡು ಈ ಕಡೆ ತಿರುಗಿ ನನಗೆ ಹೇಳಿದಳು:

“ನೋಡ್ರಿ ಮಾಸ್ತರ, ಹೊಟ್ಟಿ ತಗದಾರ, ಸಿಟ್ಟ ಅಲ್ಲೇ ಬಿಟ್ಟಾರ. ಎರಡೂ ಒಂದ ಕಡೆ ಇರತಾವಂತ ನಾ ತಿಳಕೊಂಡಿದ್ದೆ.”

ನಕ್ಕೆ, ಹೊಲಿಗೆಗಳು ನೋಯತೊಡಗಿದವು. ನಗಬೇಡಿ ಎಂದು ಗಿರಿಜಾ ಗದರಿದಳು, ತಾನು ನಗುತ್ತಿದ್ದಳು. ಆ ಏಳು ವಾರಗಳ ನಂತರ ಅವಳು ನನ್ನೆದುರು ನಕ್ಕದ್ದು ಅದೇ ಮೊದಲು.

ಊಟವನ್ನು ನಾನು ಹೊಸದಾಗಿ ಕಲಿಯಬೇಕಾಯಿತು. ಮೊದಲು ಚಮಚೆಯಲ್ಲಿ ನೀರು, ಆಮೇಲೆ ಗಂಜಿ, ಆಮೇಲೆ ನುಚ್ಚು ಮಜ್ಜಿಗೆ. ಬಿಸಿ ಹಾಲಿನಲ್ಲಿ ನೆನೆಸಿದ ರೊಟ್ಟಿಯ ಚೂರು ಒಳಗೆ ಉಳಿದ ದಿನ ಗಿರಿಜಾ ಅಪ್ಪನಿಗೆ ಫೋನು ಮಾಡಿ ತಿಳಿಸಿದಳು. ಒಂದು ಚೂರು ಹೋಳಿಗೆಯ ಆಸೆಗೆ ಬಿದ್ದು ಅರ್ಧ ಗಂಟೆ ಬೆವರಿ, ತಲೆಸುತ್ತಿ ಮಲಗಿದ್ದೂ ಆಯಿತು. ಈಗ ಹಸಿವೆಂಬುದು ನನಗೆ ಮೊದಲಿನಂತೆ ಆಗುವುದಿಲ್ಲ. ಗಡಿಯಾರ ನೋಡಿ ಉಣ್ಣುತ್ತೇನೆ. ಮತ್ತೆ ನಾಲ್ಕು ಸುತ್ತು ಔಷಧಿಯಾಯಿತು, ಶಾಲೆಗೆ ಮರಳಿದೆ, ಮೂರನೆಯ ಅವಧಿಗೆ ಕುರ್ಚಿ ಬೇಕಾಗುತ್ತದೆ.

ನನ್ನ ಚೂರಿನಲ್ಲಿ ಏನು ಕಂಡಿತು ಎಂದು ಸವಿತಾಳನ್ನು ಒಮ್ಮೆ ಕೇಳಿದೆ. ಗುರುತು ಅಳಿಸುವ ಕಿಣ್ವ ನನ್ನಲ್ಲಿ ಹೆಚ್ಚಿತ್ತೇ, ಅದರಿಂದಲೇ ಹರಡಿತೇ, ಅಥವಾ ನಾನು ಕಳೆದ ಏಳು ವಾರಗಳಿಂದಲೇ? ಕೊನೆಯ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳಲಿಲ್ಲ. ಒಬ್ಬೊಬ್ಬರ ಫಲಿತಾಂಶವನ್ನು ಹೇಳುವಂತಿಲ್ಲ ಎಂದಳು. ಎಲ್ಲರದನ್ನೂ ಸೇರಿಸಿ ನೋಡಿದರೆ ಮಾತ್ರ ಅದಕ್ಕೊಂದು ಅರ್ಥ, ಅದಕ್ಕೂ ವರ್ಷಗಳು ಬೇಕು, ಅದರಿಂದ ಔಷಧಿ ಬಂದರೂ ಮುಂದೆ ಬರುವವರಿಗೆ. “ನಿಮಗ ಏನೂ ಉಪಯೋಗ ಆಗೂದಿಲ್ರಿ ಸರ್. ಅದನ್ನ ಮೊದಲ ಪುಟದಾಗ ಬರದೇವಿ,” ಎಂದಳು. ಯಾರಾದರೂ ಏನನ್ನೂ ಹಗುರ ಮಾಡದೆ ನನಗೆ ಹೇಳಿದ ಮಾತುಗಳಲ್ಲಿ ಅದೊಂದು. ಅದಕ್ಕೆ ನಾನು ಋಣಿ.

ಶಸ್ತ್ರಚಿಕಿತ್ಸೆಗೆ ವರ್ಷ ತುಂಬಿದ ಮೇಲಿನ ಸ್ಕ್ಯಾನಿಗೆ ಹೋದಾಗಿನ ಸಂಗತಿಯನ್ನು ಹೇಳಿ ಇದನ್ನು ಮುಗಿಸುತ್ತೇನೆ. ಕಾಯಿಲೆ ಮತ್ತೆ ಬರುವುದಿದ್ದರೆ ಮೊದಲೆರಡು ವರ್ಷಗಳಲ್ಲಿಯೇ ಹೆಚ್ಚು ಎಂದು ವೈದ್ಯರು ಮೊದಲೇ ಹೇಳಿದ್ದರು. ನಮ್ಮ ಹೆಸರು ಕರೆದಾಗ ನಾನು ಎದ್ದೆ. ಬಾಗಿಲವರೆಗೆ ಹೋಗಿ, ಮರಳಿ ಬಂದು ಕುಳಿತೆ. ಗಿರಿಜಾ ನನ್ನನ್ನು ನೋಡಿದಳು.

“ಕುಂದ್ರಿ. ನಾ ಕೇಳಕೊಂಡ ಬರತೇನಿ.”

ಅವಳು ಒಳಗೆ ಹೋದಳು. ಬಾಗಿಲು ಮುಚ್ಚಿತು. ಆ ಬಾಗಿಲಿನ ಈ ಬದಿಯಲ್ಲಿ, ಒಳಗೆ ಏನು ಹೇಳುತ್ತಿದ್ದಾರೆಂದು ತಿಳಿಯದೆ ನಾನು ಕುಳಿತದ್ದು ಅದೇ ಮೊದಲು. ಎಷ್ಟು ಹೊತ್ತಾಯಿತೋ ತಿಳಿಯದು. ಅವಳು ಹೊರಬಂದಾಗ ಕಡತವನ್ನು ಚೀಲಕ್ಕೆ ಹಾಕುತ್ತಿದ್ದಳು. ಮುಖ ಚೀಲದ ಕಡೆಗೇ ಇತ್ತು.

“ಏನೂ ಕಾಣಸಿಲ್ಲಂತ. ನಾಕ ತಿಂಗಳ ಬಿಟ್ಟ ಬರ್ರಿ ಅಂದಾರ.”

ಆ ಮಾತಿಗೆ ಸಂತೋಷಪಡಬೇಕಾದವನು ಅವಳ ಮುಖವನ್ನು ಹುಡುಕಿದೆ. ಇಂಥದೇ ಬೆಂಚಿನ ಮೇಲೆ, ಇಷ್ಟೇ ಸರಳವಾದ ಮಾತುಗಳನ್ನು ನಾನೂ ಹೇಳಿದ್ದೆ. ಅಂದು ನನ್ನ ಮುಖ ಹೇಗಿತ್ತೆಂದು ನನಗೆ ಗೊತ್ತಿಲ್ಲ. ಹೋಲಿಸಿ ನೋಡಲು ಏನೂ ಇರಲಿಲ್ಲ. ಅವಳಿಗೆ ಅದು ಅರ್ಥವಾಗಿರಬೇಕು. ಕಡತವನ್ನು ಚೀಲದಿಂದ ಮತ್ತೆ ಹೊರಗೆ ತೆಗೆದು ನನ್ನ ತೊಡೆಯ ಮೇಲೆ ಇಟ್ಟಳು. ಓದುವುದಿದ್ದರೆ ಓದಿರಿ ಎಂದಳು. ದನಿಯಲ್ಲಿ ಕೊಂಕಿರಲಿಲ್ಲ.

ಮಧ್ಯಾಹ್ನದ ಬಸ್ಸಿನಲ್ಲಿ ಕಿಟಕಿಯ ಬದಿಗೆ ನಾನು, ಪಕ್ಕದಲ್ಲಿ ಅವಳು. ಕಡತ ನನ್ನ ತೊಡೆಯ ಮೇಲೆಯೇ ಇತ್ತು. ಹುಬ್ಬಳ್ಳಿ ದಾಟುತ್ತಿದ್ದಂತೆಯೇ ಅವಳು ನನ್ನ ಭುಜಕ್ಕೆ ತಲೆಯಿಟ್ಟು, ಬಾಯಿ ತುಸು ತೆರೆದು, ಸಣ್ಣಗೆ ಗೊರಕೆ ಹೊಡೆಯತೊಡಗಿದಳು. ತಗ್ಗುಗಳಲ್ಲಿ ಬಸ್ಸು ಎತ್ತಿಹಾಕಿತು, ಅವಳಿಗೆ ಎಚ್ಚರವಾಗಲಿಲ್ಲ. ಟಿಕೀಟು ಕೇಳಲು ನಿರ್ವಾಹಕ ಬಂದ, ಎಚ್ಚರವಾಗಲಿಲ್ಲ. ಸುಳ್ಳನ್ನು ಹೊತ್ತ ಆ ಏಳು ವಾರಗಳಲ್ಲಿ ನನಗೆ ಅವಳ ಮಗ್ಗುಲಲ್ಲಿ ಹಾಗೆ ಒಂದು ಗಳಿಗೆಯೂ ನಿದ್ರಿಸಲು ಸಾಧ್ಯವಾಗಿರಲಿಲ್ಲ.

ಮುಧೋಳ ಬರುವವರೆಗೂ ಭುಜವನ್ನು ಅಲುಗಿಸಲಿಲ್ಲ. ಕಡತವನ್ನು ತೆರೆಯಲಿಲ್ಲ.